ಸಕ್ಕರೆ ಹೂ ಯಾಕೆ ಕೈಕೊಡುತ್ತದೆ? ತಪ್ಪು ಎಲ್ಲಿದೆ ಎಂದು ಹುಡುಕುವ ಬಗೆ

ಸಂಜೆ ಕೂತು ಕೇಕಿಗೆ ಅಂತ ಸಕ್ಕರೆ ಪೇಸ್ಟಿನಲ್ಲಿ ಹತ್ತು ಗುಲಾಬಿ ಮಾಡಿಟ್ಟಿರುತ್ತೀರಿ. ಎಸಳುಗಳು ಚೆನ್ನಾಗಿ ಅರಳಿ ನಿಂತಿರುತ್ತವೆ. ಬೆಳಿಗ್ಗೆ ಎದ್ದು ನೋಡಿದರೆ ಅರ್ಧ ಹೂಗಳ ಎಸಳು ಜೋತುಬಿದ್ದಿವೆ, ಇನ್ನರ್ಧದ ಅಂಚು ಬಿರುಕು ಬಿಟ್ಟಿದೆ. ಆಗ ಬಹಳ ಜನ ಮಾಡುವ ಮೊದಲ ಕೆಲಸ ಅಂದರೆ ಮುಂದಿನ ಸಲ ಪೇಸ್ಟಿಗೆ ಇನ್ನೊಂದು ಚಮಚ ಸಿಎಂಸಿ (ಪೇಸ್ಟನ್ನು ಗಟ್ಟಿ ಮಾಡುವ ಅಂಟು ಪುಡಿ) ಸುರಿಯುವುದು. ನಾನೂ ಎಷ್ಟೋ ದಿನ ಹಾಗೇ ಮಾಡಿದೆ. ಜೋತುಬೀಳುವುದೇನೋ ಕಮ್ಮಿಯಾಯಿತು, ಆದರೆ ಎಸಳು ಲಟ್ಟಿಸುವಾಗಲೇ ಒಡೆಯತೊಡಗಿತು. ಕೊನೆಗೆ ನೋಡಿದರೆ ಪೇಸ್ಟಿನಲ್ಲಿ ತಪ್ಪೇ ಇರಲಿಲ್ಲ. ಒಣಗಲು ಇಟ್ಟಿದ್ದ ಕೋಣೆಯ ಗಾಳಿಯಲ್ಲಿ ತೇವ ಜಾಸ್ತಿ ಇತ್ತು, ಅಷ್ಟೇ.

ಅದಾದ ಮೇಲೆ ಹೂ ಕೆಟ್ಟಾಗಲೆಲ್ಲ ನಾನು ಮೊದಲು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಇದು ಯಾವಾಗ ಕೆಟ್ಟಿತು? ನಾದುವಾಗಲೇ ತಕರಾರು ಬಂತಾ, ಲಟ್ಟಿಸುವಾಗಲಾ, ಒಣಗುವಾಗಲಾ, ಇಲ್ಲಾ ಕೇಕಿನ ಮೇಲೆ ಕೂತ ಮೇಲಾ? ನೋಡಲು ಒಂದೇ ಥರ ಕಾಣುವ ದೋಷಕ್ಕೆ ಒಂದೊಂದು ಹಂತದಲ್ಲಿ ಒಂದೊಂದು ಕಾರಣ ಇರುತ್ತದೆ. ಮತ್ತೆ ಇನ್ನೊಂದು ಮಾತು, ಇದನ್ನು ದಯವಿಟ್ಟು ಪಾಲಿಸಿ: ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಪೇಸ್ಟೂ ಬದಲಿಸಿ, ಅಂಟೂ ಬದಲಿಸಿ, ಒಣಗಿಸುವ ಜಾಗವೂ ಬದಲಿಸಿದರೆ ಹೂ ಸರಿಯಾದರೂ ಯಾಕೆ ಸರಿಯಾಯಿತು ಅಂತ ನಿಮಗೆ ಗೊತ್ತಾಗುವುದಿಲ್ಲ.

ಎರಡು ಎಸಳಿನ ಪರೀಕ್ಷೆ

ಎಲ್ಲಿಂದ ಶುರು ಮಾಡಬೇಕು ಅಂತ ತೋಚದಿದ್ದರೆ ಇಲ್ಲಿಂದ ಮಾಡಿ. ಒಂದು ರಾತ್ರಿ ಸಾಕು.

ಒಂದೇ ಪೇಸ್ಟಿನಿಂದ, ಒಂದೇ ದಪ್ಪದ ಎರಡು ಎಸಳು ಕತ್ತರಿಸಿ. ಒಂದನ್ನು ನೀವು ಯಾವಾಗಲೂ ಹೂ ಒಣಗಿಸುವ ಜಾಗದಲ್ಲೇ ತೆರೆದಿಡಿ. ಇನ್ನೊಂದನ್ನು ಮುಚ್ಚಳ ಗಟ್ಟಿಯಾಗಿ ಕೂರುವ ಡಬ್ಬಿಯಲ್ಲಿ ಎರಡು ಮೂರು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಪೊಟ್ಟಣ ಎಸಳಿಗೆ ತಾಗದಿರಲಿ. ಹಳೇ ಪೊಟ್ಟಣ ಬೇಡ, ಯಾಕೆಂದರೆ ಎಷ್ಟೋ ದಿನದಿಂದ ಮೇಜಿನ ಖಾನೆಯಲ್ಲಿ ಬಿದ್ದಿರುವುದು ಆಗಲೇ ಸಾಕಷ್ಟು ತೇವ ಕುಡಿದು ಕೂತಿರುತ್ತದೆ. ಬೆಳಿಗ್ಗೆ ಎರಡನ್ನೂ ಬೆರಳಲ್ಲಿ ಹಿಡಿದು ಮುರಿದು ನೋಡಿ.

ಎರಡೂ ಪಟ್ ಅಂತ ಮುರಿದರೆ ಪೇಸ್ಟೂ ಸರಿ ಇದೆ, ಕೋಣೆಯೂ ಸರಿ ಇದೆ. ತಪ್ಪು ಇರುವುದು ಹೂ ಜೋಡಿಸುವ ರೀತಿಯಲ್ಲಿ, ಇಲ್ಲಾ ಆಮೇಲೆ ಅದನ್ನು ಇಟ್ಟ ಜಾಗದಲ್ಲಿ. ಡಬ್ಬಿಯದು ಮುರಿದು, ಹೊರಗಿನದು ಬಾಗಿದರೆ ಗಾಳಿಯ ತೇವವೇ ಕಾರಣ. ಆಗ ಪೇಸ್ಟಿನ ಅಳತೆಯನ್ನು ಮುಟ್ಟಬೇಡಿ. ಎರಡೂ ಬಾಗಿದರೆ ಪೇಸ್ಟಿನಲ್ಲೇ ಏನೋ ಕಮ್ಮಿ ಅಥವಾ ಜಾಸ್ತಿ ಆಗಿದೆ. ಹೊರಗಿನದು ಗಟ್ಟಿಯಾಗಿ ಡಬ್ಬಿಯದೇ ಮೆತ್ತಗಿದ್ದರೆ ಸಿಲಿಕಾ ಜೆಲ್ ಸತ್ತಿದೆ ಅಂತ ಅರ್ಥ. ಹೊಸದು ತಂದು ಇನ್ನೊಮ್ಮೆ ಮಾಡಿ.

ಈ ಪರೀಕ್ಷೆ ಮಾಡದೆ ಪೇಸ್ಟಿನ ಅಳತೆ ಬದಲಿಸುವುದು ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ.

ಪೇಸ್ಟ್ ಕೈಯಲ್ಲಿರುವಾಗಲೇ ತಕರಾರು

ಮೊದಲು ಅಳತೆ. ಮೊಟ್ಟೆ ಹಾಕಿ ಮಾಡುವ ಗಮ್ ಪೇಸ್ಟಿಗೆ ಬಹಳ ಕಡೆ ಬಳಕೆಯಲ್ಲಿರುವ ಲೆಕ್ಕ ಇದು: 125 ಗ್ರಾಂ ಮೊಟ್ಟೆಯ ಬಿಳಿ, ಒಟ್ಟು 825 ಗ್ರಾಂ ಐಸಿಂಗ್ ಶುಗರ್, 30 ಗ್ರಾಂ ಟೈಲೋಸ್ ಪುಡಿ, 20 ಗ್ರಾಂ ಶಾರ್ಟನಿಂಗ್ (ಬೇಕಿಂಗಿಗೆ ಬಳಸುವ ಗಟ್ಟಿ ಕೊಬ್ಬು). ಟೈಲೋಸ್, ಸಿಎಂಸಿ ಎರಡೂ ಒಂದೇ ಬಗೆಯ ಅಂಟು ಪುಡಿ. ಸಕ್ಕರೆಯಲ್ಲಿ ಸುಮಾರು 100 ಗ್ರಾಂ ಕೊನೆಯಲ್ಲಿ ನಾದಲು ಎತ್ತಿಟ್ಟುಕೊಳ್ಳಬೇಕು. ಮೊಟ್ಟೆಯ ಬಿಳಿ ಬೇಯುವುದಿಲ್ಲ ನೋಡಿ, ಹಾಗಾಗಿ ತಿನ್ನುವ ಹೂವಿಗೆ ಪಾಶ್ಚರೀಕರಿಸಿದ ಬಿಳಿಯನ್ನೇ ಬಳಸಿ. ಮೊಟ್ಟೆ ಬೇಡದವರು ಕೇಕಿಗೆ ಹೊದಿಸುವ ಸಕ್ಕರೆ ಹಿಟ್ಟಾದ ಫಾಂಡೆಂಟನ್ನು ತಯಾರಾದದ್ದೇ ತಂದು, 250 ಗ್ರಾಂಗೆ ಮಟ್ಟಸವಾದ 1 ಟೀ ಚಮಚ ಸಿಎಂಸಿ ಸೇರಿಸಿ ನಾದಿದರೆ ಆಯಿತು. ಆದರೆ ಇದು ಗಮ್ ಪೇಸ್ಟಿನಷ್ಟು ಗಟ್ಟಿ ಒಣಗುವುದಿಲ್ಲ. ಫಾಂಡೆಂಟಿನಲ್ಲಿ ಸಾಮಾನ್ಯವಾಗಿ ಗ್ಲಿಸರಿನ್, ಗ್ಲೂಕೋಸ್ ಇರುತ್ತದೆ. ಕೇಕಿನ ಹೊದಿಕೆ ಮೆತ್ತಗಿರಲಿ ಅಂತಲೇ ಅವನ್ನು ಹಾಕಿರುತ್ತಾರೆ. ಅವು ತೇವ ಹಿಡಿದಿಟ್ಟುಕೊಳ್ಳುತ್ತವೆ. ಹಾಗಾಗಿ ಚಿಕ್ಕ ಹೂವಿಗೆ, ಒತ್ತಿ ಮಾಡುವ ಹೂವಿಗೆ ಇದು ಸಾಕು, ತೆಳುವಾದ ದೊಡ್ಡ ಗುಲಾಬಿಗೆ ಸಾಲದು. ಮೇಲಿನ ಪರೀಕ್ಷೆಯಲ್ಲಿ ಎರಡೂ ಎಸಳು ಬಾಗಿದವರಲ್ಲಿ ಹೆಚ್ಚಿನವರು ಬಳಸುತ್ತಿರುವುದು ಇದನ್ನೇ.

ಪೇಸ್ಟ್ ತಯಾರಿದೆಯಾ ಅಂತ ತಿಳಿಯಲು ಒಂದು ಸಣ್ಣ ಉಂಡೆ ತೆಗೆದುಕೊಂಡು ಎರಡೂ ಕಡೆಯಿಂದ ಜೋರಾಗಿ ಎಳೆಯಿರಿ. ಟಕ್ ಅಂತ ತುಂಡಾದರೆ ಸರಿ ಇದೆ. ಚೂಯಿಂಗ್ ಗಮ್ ಥರ ಉದ್ದಕ್ಕೆ ಎಳೆದುಕೊಂಡು ಹೋದರೆ ಇನ್ನೂ ಅಂಟು ಕೂಡಿಲ್ಲ. ಉದುರುದುರಾಗಿ ಬಿಟ್ಟುಕೊಂಡರೆ ಒಣಗಿದೆ.

ಎಳೆದುಕೊಂಡು ಹೋಗುವ ಪೇಸ್ಟಿಗೆ ತಕ್ಷಣ ಪುಡಿ ಸೇರಿಸಬೇಡಿ, ಮೊದಲು ಕಾಯಿರಿ. ಸಿಎಂಸಿ ನೀರು ಹೀರಿಕೊಂಡು ಉಬ್ಬಿ ಕೆಲಸ ಶುರು ಮಾಡಲು ಹೊತ್ತು ಬೇಕು. ಫಾಂಡೆಂಟಿಗೆ ಸೇರಿಸಿದ್ದರೆ ಅರ್ಧ ಗಂಟೆಯಾದರೂ, ಮೊಟ್ಟೆಯ ಪೇಸ್ಟಾದರೆ ಒಂದು ರಾತ್ರಿ. ಗಮ್ ಟ್ರಾಗಕಾಂತ್ ಅನ್ನುವ ಗಿಡದ ಅಂಟು ಬಳಸುವವರು ಇನ್ನೂ ತಾಳ್ಮೆ ಇಟ್ಟುಕೊಳ್ಳಬೇಕು, ಅದು ಸಿಎಂಸಿಗಿಂತ ನಿಧಾನ. ಎಷ್ಟೋ ಸಲ ಕಲಸಿ ಹತ್ತು ನಿಮಿಷಕ್ಕೆ ಲಟ್ಟಿಸಲು ಕೂತು, ಸರಿ ಬರಲಿಲ್ಲ ಅಂತ ಇನ್ನಷ್ಟು ಪುಡಿ ಹಾಕಿ, ಮಾರನೇ ದಿನ ಕಲ್ಲಾಗಿದೆ ಅಂತ ಬೇಜಾರು ಮಾಡಿಕೊಳ್ಳುತ್ತೇವೆ. ಮೊದಲು ಹಾಕಿದ ಪುಡಿಯೇ ಸಾಕಿತ್ತು.

ಕೈಗೆ ಅಂಟುತ್ತದೆ ಅಂದರೆ ಮೂರು ಕಡೆ ನೋಡಿ. ನಿಮ್ಮ ಕೈ ಬಿಸಿಯಾ? ಶಾರ್ಟನಿಂಗ್ ಜಾಸ್ತಿ ಸವರಿಕೊಂಡಿದ್ದೀರಾ? ಗಾಢ ಬಣ್ಣಕ್ಕೆ ಅಂತ ಜೆಲ್ ಕಲರ್ ತುಂಬ ಹಾಕಿದ್ದೀರಾ? ಕೈ ಬಿಸಿಯಾದರೆ ತಣ್ಣೀರಲ್ಲಿ ತೊಳೆದು ಚೆನ್ನಾಗಿ ಒರೆಸಿಕೊಳ್ಳಿ. ಉಳಿದ ಎರಡಕ್ಕೂ ಸ್ವಲ್ಪ ಐಸಿಂಗ್ ಶುಗರ್ ನಾದಿ, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಅರ್ಧ ಗಂಟೆ ಬಿಡಿ.

ಎಸಳಿನ ಮೇಲೆ ಚಿಕ್ಕ ಚಿಕ್ಕ ಪಾರದರ್ಶಕ ಚುಕ್ಕೆ ಕಂಡರೆ ಅವು ಸಿಎಂಸಿ ಗಂಟುಗಳು. ಒದ್ದೆ ಇರುವ ಕಡೆ ಪುಡಿಯನ್ನು ಒಮ್ಮೆಗೇ ಸುರಿದರೆ ಹೀಗಾಗುತ್ತದೆ. ಒಣ ಸಕ್ಕರೆಯ ಜೊತೆ ಬೆರೆಸಿ ಹಾಕಿ, ಅಥವಾ ತಿರುಗಿಸುತ್ತಾ ಉದುರಿಸಿ. ಬಿಳಿ ಕಾಳಿನಂಥ ಚುಕ್ಕೆಯಾದರೆ ಸಕ್ಕರೆ ಜರಡಿ ಹಿಡಿದಿಲ್ಲ.

ಅಂಚು ಸೀಳುತ್ತದೆ, ಮೇಲ್ಮೈ ಸುಕ್ಕುಗಟ್ಟುತ್ತದೆ

ಲಟ್ಟಿಸಿದ ಮೇಲೆ ಮೇಲ್ಮೈಯಲ್ಲಿ ಆನೆಯ ಚರ್ಮದಂಥ ಸುಕ್ಕು ಕಂಡರೆ ಪೇಸ್ಟಿನ ಹೊರಪದರ ಒಣಗಿದೆ. ಗಾಳಿಗೆ ಬಿಟ್ಟ ಪೇಸ್ಟ್ ಕೆಲವೇ ನಿಮಿಷಕ್ಕೆ ಹೊಪ್ಪಳೆ ಕಟ್ಟುತ್ತದೆ. ಬೇಕಾದಷ್ಟು ಮಾತ್ರ ಚಿವುಟಿಕೊಂಡು ಉಳಿದಿದ್ದನ್ನು ಮುಚ್ಚಿಡಿ. ಕತ್ತರಿಸಿದ ಎಸಳುಗಳನ್ನೂ ಪ್ಲಾಸ್ಟಿಕ್ ಹಾಳೆಯ ಕೆಳಗೇ ಇಡಬೇಕು. ಗಾಳಿ ತೀರಾ ಒಣಗಿರುವ ದಿನ ಒಮ್ಮೆಗೆ ಎರಡು ಮೂರು ಎಸಳಿಗಿಂತ ಜಾಸ್ತಿ ಕತ್ತರಿಸಬೇಡಿ.

ಸುಕ್ಕು ಬಂದ ಪೇಸ್ಟನ್ನು ನೀರು ಹಾಕಿ ಮೆತ್ತಗೆ ಮಾಡುವ ಆಸೆ ಬರುತ್ತದೆ. ಬೇಡ. ನೀರು ಸಕ್ಕರೆಯನ್ನು ಕರಗಿಸಿ ಮೇಲೆ ಜಿಗುಟು, ಒಳಗೆ ಒರಟು ಮಾಡುತ್ತದೆ. ಬೆರಳ ತುದಿಯಷ್ಟು ಶಾರ್ಟನಿಂಗ್ ಹಚ್ಚಿ ಎರಡು ನಿಮಿಷ ನಾದಿ. ಅದಕ್ಕೂ ಬಗ್ಗದಿದ್ದರೆ ಎರಡು ಹನಿ ಮೊಟ್ಟೆಯ ಬಿಳಿ. ಕಿವಿಯ ಹಾಲೆ ಮುಟ್ಟಿ ನೋಡಿ, ಪೇಸ್ಟ್ ಅಷ್ಟು ಮೆತ್ತಗಿರಬೇಕು. ಫ್ರಿಜ್ಜಿನಿಂದ ತೆಗೆದ ಪೇಸ್ಟಾದರೆ ಪೊಟ್ಟಣ ಬಿಚ್ಚದೆ ಹಾಗೇ ಹೊರಗಿಟ್ಟು ಕೋಣೆಯ ಬಿಸಿಗೆ ಬರುವವರೆಗೆ ಕಾಯಿರಿ. ತಣ್ಣಗಿರುವಾಗ ಬಿಚ್ಚಿದರೆ ಗಾಳಿಯ ತೇವ ಅದರ ಮೇಲೆ ಹನಿಗಟ್ಟುತ್ತದೆ.

ಅಂಚು ಸೀಳುವುದಕ್ಕೆ ಪೇಸ್ಟ್ ಒಣಗಿರುವುದು ಒಂದು ಕಾರಣ ಆದರೆ, ಬಾಲ್ ಟೂಲ್ (ತುದಿಯಲ್ಲಿ ಉಂಡೆ ಇರುವ ಕಡ್ಡಿ) ಹಿಡಿಯುವ ರೀತಿ ಇನ್ನೊಂದು. ಎಸಳನ್ನು ಫೋಮ್ ಪ್ಯಾಡಿನ ಮೇಲಿಟ್ಟು, ಉಂಡೆಯ ಅರ್ಧ ಎಸಳಿನ ಮೇಲೆ, ಅರ್ಧ ಪ್ಯಾಡಿನ ಮೇಲೆ ಬರುವಂತೆ ಅಂಚಿನುದ್ದಕ್ಕೂ ಸವರಬೇಕು. ಪೂರ್ತಿ ಒಳಗಿಟ್ಟು ಒತ್ತಿದರೆ ಎಸಳಿನ ನಡುವೆ ಕಾಲುವೆ ಬೀಳುತ್ತದೆ, ಅಂಚು ಮಾತ್ರ ದಪ್ಪಗೇ ಉಳಿಯುತ್ತದೆ. ಒತ್ತಡ ಕಮ್ಮಿ ಮಾಡಿ ಎರಡು ಮೂರು ಸಲ ಸವರಿದರೆ ಅಂಚು ತಾನಾಗೇ ತೆಳುವಾಗಿ ಅಲೆ ಅಲೆಯಾಗುತ್ತದೆ. ಚಿಕ್ಕ ಎಸಳಿಗೆ ದೊಡ್ಡ ಉಂಡೆ ಬಳಸಿದರೆ ಅಲೆ ಬರುವುದಿಲ್ಲ, ಸುಮ್ನೆ ಹಿಗ್ಗುತ್ತದೆ.

ಇನ್ನು ಕಾರ್ನ್‌ಫ್ಲೋರ್. ಅಂಟಬಾರದು ಅಂತ ಹಲಗೆ ತುಂಬ ಉದುರಿಸುತ್ತೇವೆ ಅಲ್ವಾ, ಅದು ಪೇಸ್ಟಿನ ತೇವವನ್ನೇ ಹೀರಿ ಅಂಚು ಒಡೆಸುತ್ತದೆ, ಆಮೇಲೆ ಎಸಳಿಗೆ ಎಸಳು ಅಂಟದ ಹಾಗೂ ಮಾಡುತ್ತದೆ. ತೆಳು ಬಟ್ಟೆಯಲ್ಲಿ ಪುಡಿ ಕಟ್ಟಿ ಪುಟ್ಟ ಗಂಟು ಮಾಡಿಕೊಂಡು ಒಂದೆರಡು ಸಲ ತಟ್ಟಿದರೆ ಸಾಕು. ಹಲಗೆಗೆ ಶಾರ್ಟನಿಂಗನ್ನು ತೆಳುವಾಗಿ ಸವರಿ ಒರೆಸಿ, ಅದರ ಮೇಲೆ ಲಟ್ಟಿಸುವುದು ನನಗೆ ಹೆಚ್ಚು ಇಷ್ಟ. ಎಸಳಿನ ಮೇಲೆ ನರಗಳ ಗೆರೆ ಒತ್ತುವ ಸಿಲಿಕೋನ್ ಅಚ್ಚಿಗೆ (ವೇನರ್) ಎಸಳು ಕಚ್ಚಿಕೊಂಡರೆ ಮಾತ್ರ ಪುಡಿಯೇ ಬೇಕು.

ಎಸಳು ಜೋತುಬೀಳುತ್ತದೆ, ಜಾರುತ್ತದೆ

ಇದು ಅತಿ ಹೆಚ್ಚು ಕಾಡುವ ದೋಷ, ಇದಕ್ಕೆ ಕಾರಣಗಳೂ ಅಷ್ಟೇ ಬೇರೆ ಬೇರೆ. ಜೋತುಬಿದ್ದ ಹೂವನ್ನು ಕಸಕ್ಕೆ ಹಾಕುವ ಮುಂಚೆ ಕೈಯಲ್ಲಿ ಹಿಡಿದು ಸರಿಯಾಗಿ ನೋಡಿ.

ಎಸಳು ಬುಡದಿಂದಲೇ ಕೆಳಗೆ ಜಾರಿದೆಯಾ? ಹಾಗಾದರೆ ಅಂಟು ಜಾಸ್ತಿ ಆಗಿದೆ ಅಥವಾ ತುಂಬ ನೀರಾಗಿದೆ. ಕಾಲು ಟೀ ಚಮಚ ಸಿಎಂಸಿಗೆ ಸುಮಾರು 30 ಮಿ.ಲೀ. ನೀರು, ಒಂದು ರಾತ್ರಿ ಬಿಟ್ಟರೆ ತಿಳಿ ಗೋಂದಿನ ಹದಕ್ಕೆ ಬರುತ್ತದೆ. ಮೊದಲು ಗಂಟುಗಂಟಾಗಿ ಕಂಡರೂ ಬೆಳಿಗ್ಗೆ ತಾನೇ ಕರಗಿರುತ್ತದೆ. ಇದನ್ನು ಕುಂಚದಲ್ಲಿ ತೆಗೆದು, ಕುಂಚವನ್ನು ಬಟ್ಟೆಗೆ ಒಮ್ಮೆ ಒರೆಸಿ, ಎಸಳಿನ ಕೆಳಗಿನ ಮೂರನೇ ಒಂದು ಭಾಗಕ್ಕೆ ಮಾತ್ರ ಸವರಿ. ಅಂಟು ಹೊಳೆಯಬಾರದು, ಬೆರಳಿಗೆ ಜಿಗುಟಾಗಿ ಸಿಗಬೇಕು. ಹೊಳೆಯುತ್ತಿದ್ದರೆ ಅರ್ಧ ನಿಮಿಷ ಬಿಟ್ಟು ಆಮೇಲೆ ಅಂಟಿಸಿ.

ಬುಡ ಗಟ್ಟಿಯಾಗಿ ಕೂತಿದ್ದು, ಎಸಳಿನ ಮೇಲ್ಭಾಗ ಮಾತ್ರ ಹಿಂದಕ್ಕೆ ಮಡಚಿಕೊಂಡು ಬಿದ್ದಿದೆಯಾ? ಹಾಗಾದರೆ ಎಸಳನ್ನು ತೀರಾ ಹಸಿಯಾಗಿ ಅಂಟಿಸಿದ್ದೀರಿ. ಹೊರಸುತ್ತಿನ ದೊಡ್ಡ ಎಸಳುಗಳನ್ನು ಕತ್ತರಿಸಿ, ಅಂಚು ತೆಳು ಮಾಡಿ, ಒಂದು ಚಮಚದ ಗುಳಿಯಲ್ಲಿ ಹತ್ತರಿಂದ ಇಪ್ಪತ್ತು ನಿಮಿಷ ಕೂರಿಸಬೇಕು. ಮೆತ್ತನೆಯ ಚರ್ಮದಂತೆ ಆಗಬೇಕು: ಎತ್ತಿದಾಗ ಗುಳಿಯ ಆಕಾರ ಉಳಿಯಬೇಕು, ಆದರೆ ಒತ್ತಿದರೆ ಬಾಗಬೇಕು. ಅದಕ್ಕಿಂತ ಜಾಸ್ತಿ ಬಿಟ್ಟರೆ ಹೂವಿಗೆ ಸುತ್ತುವಾಗ ಒಡೆಯುತ್ತದೆ. ಈ ಹದ ಹಿಡಿಯುವುದನ್ನು ಗಡಿಯಾರ ಕಲಿಸುವುದಿಲ್ಲ, ಬೆರಳೇ ಕಲಿಯಬೇಕು. ಮಳೆಗಾಲದಲ್ಲಿ ಇಪ್ಪತ್ತು ನಿಮಿಷಕ್ಕೂ ಬಾರದ ಹದ ಒಣ ಹವೆಯಲ್ಲಿ ಐದೇ ನಿಮಿಷಕ್ಕೆ ದಾಟಿಹೋಗುತ್ತದೆ. ಅಂಟಿಸಿದ ಮೇಲೂ ಬೀಳುತ್ತಿದ್ದರೆ ಹೂವನ್ನು ತಲೆಕೆಳಗಾಗಿ ಹದಿನೈದು ನಿಮಿಷ ತೂಗುಹಾಕಿ. ನಾನು ಪ್ರತಿ ಸುತ್ತಿನ ನಡುವೆಯೂ ಹೀಗೆ ಮಾಡುತ್ತೇನೆ.

ಇಡೀ ಹೂವೇ ತಂತಿಯ ಮೇಲೆ ಕೆಳಕ್ಕೆ ಇಳಿದಿದೆಯಾ? ಆಗ ನಡುವಿನ ಮೊಗ್ಗು ಒಣಗಿಲ್ಲ. ಮೊಗ್ಗಿನ ಒಳಭಾಗ ದಪ್ಪ, ಹೊರಗೆ ಗಟ್ಟಿ ಕಂಡರೂ ಒಳಗೆ ಹಸಿ ಇರುತ್ತದೆ. 24 ಗಂಟೆ ಅಂತೂ ಬೇಕೇ ಬೇಕು, ದೊಡ್ಡದಾದರೆ 48. ತಂತಿಯ ತುದಿಯನ್ನು ಕೊಕ್ಕೆಯಂತೆ ಬಗ್ಗಿಸಿ, ಅಂಟಿನಲ್ಲಿ ಅದ್ದಿ ಒಳಗೆ ಸೇರಿಸಿದರೆ ಜಾರುವುದಿಲ್ಲ. ತಂತಿಯ ಗೇಜ್ ಸಂಖ್ಯೆ ಹೆಚ್ಚಿದಷ್ಟೂ ತಂತಿ ತೆಳು ಅನ್ನುವುದು ನೆನಪಿರಲಿ. ಗುಲಾಬಿಯ ಮೊಗ್ಗಿಗೆ 18 ಅಥವಾ 20, ಬಿಡಿ ಎಸಳಿಗೆ 26ರಿಂದ 30. ಮೊಗ್ಗಿಗೆ 28ರ ತಂತಿ ಹಾಕಿದ್ದರೆ ಅದು ಭಾರ ತಡೆಯಲಾರದೆ ಬಾಗುವುದು ಸಹಜ. ಮೊಗ್ಗಿನ ಎತ್ತರ ಎಸಳಿನ ಎತ್ತರದ ಮೂರನೇ ಎರಡು ಭಾಗ ಇರಲಿ. ಅದಕ್ಕಿಂತ ದೊಡ್ಡದಾದರೆ ಮೊದಲ ಎಸಳು ಮೊಗ್ಗನ್ನು ಮುಚ್ಚುವುದೇ ಇಲ್ಲ.

ತಂತಿ ಹಾಕಿದ ಬಿಡಿ ಎಸಳು ತಂತಿಯ ಮೇಲೆ ಗಿರಗಿರ ತಿರುಗುತ್ತಿದ್ದರೆ, ಒಣಗುವಾಗ ಯಾರೋ ಅಲುಗಿಸಿದ್ದಾರೆ ಅಥವಾ ತಂತಿ ಸಾಕಷ್ಟು ಒಳಗೆ ಹೋಗಿಲ್ಲ. ಎಸಳಿನ ಉದ್ದದ ಅರ್ಧದವರೆಗಾದರೂ ಹೋಗಬೇಕು. ಒಣಗಿದ ಮೇಲೆ ಇದನ್ನು ಸರಿ ಮಾಡಲು ಆಗದು. ಹೊಸದೇ ಮಾಡಿ.

ಎರಡು ದಿನವಾದರೂ ಒಣಗಿಲ್ಲ

ಕೋಣೆಯ ತೇವ ಅಳೆಯುವ ಪುಟ್ಟ ಮೀಟರ್ ಒಂದನ್ನು ಇಟ್ಟುಕೊಳ್ಳಿ. ಈ ಕೆಲಸಕ್ಕೆ ಅಂತ ನಾನು ತಂದ ಸಾಮಾನುಗಳಲ್ಲಿ ಅದರಷ್ಟು ಉಪಯೋಗಕ್ಕೆ ಬಂದದ್ದು ಇನ್ನೊಂದಿಲ್ಲ. 50%ಕ್ಕಿಂತ ಕೆಳಗಿದ್ದರೆ ಹೂ ನೆಮ್ಮದಿಯಾಗಿ ಒಣಗುತ್ತದೆ. 60% ದಾಟಿದರೆ ನಿಧಾನ. 70% ದಾಟಿದ ದಿನ ಒಣಗಿದ ಹೂವೂ ಮತ್ತೆ ಮೆತ್ತಗಾಗುತ್ತದೆ, ಯಾಕೆಂದರೆ ಸಕ್ಕರೆ ಗಾಳಿಯಿಂದಲೇ ನೀರು ಎಳೆದುಕೊಳ್ಳುತ್ತದೆ. ಎಸಿ ಇದ್ದರೆ ಹಾಕಿ, ಅದು ಗಾಳಿಯನ್ನು ತಂಪು ಮಾಡುವಾಗಲೇ ತೇವವನ್ನೂ ತೆಗೆಯುತ್ತದೆ. ಇಲ್ಲದಿದ್ದರೆ ಮುಚ್ಚಿದ ಡಬ್ಬಿ, ಸಿಲಿಕಾ ಜೆಲ್. ಫ್ಯಾನ್ ಹಾಕಿದರೆ ಗಾಳಿ ಓಡಾಡುತ್ತದೆ ನಿಜ, ಆದರೆ ಅದೇ ಒದ್ದೆ ಗಾಳಿ ತಿರುಗುತ್ತಿದ್ದರೆ ಪ್ರಯೋಜನ ಅಷ್ಟಕ್ಕಷ್ಟೆ. ಒಲೆ, ಕೆಟಲ್, ಬಟ್ಟೆ ಒಣಹಾಕಿದ ಜಾಗ, ಇವುಗಳಿಂದ ದೂರ ಇಡಿ. ಅಡುಗೆಮನೆಯಲ್ಲಿ ಹೂ ಒಣಗಿಸುವುದು ನನಗೆ ಎಂದೂ ಸರಿಹೋಗಿಲ್ಲ.

ಬಿಸಿ ಓವನ್ನಿಗೆ ಇಡುವ ಯೋಚನೆ ಬೇಡ. ಮೇಲ್ಪದರ ಬೇಗ ಗಟ್ಟಿಯಾಗಿ ಒಳಗೆ ಹಸಿ ಉಳಿದು ಬಿರುಕು ಬರುತ್ತದೆ. ಓವನ್ ಆರಿಸಿ, ಒಳಗಿನ ದೀಪ ಮಾತ್ರ ಉರಿಸಿ ಬಾಗಿಲು ಸ್ವಲ್ಪ ತೆರೆದಿಟ್ಟರೆ ಸಾಕಷ್ಟು ಬೆಚ್ಚಗಿರುತ್ತದೆ. ಒಳಗೆ ಹೂ ಇದೆ ಅಂತ ಓವನ್ ಬಾಗಿಲಿಗೆ ಚೀಟಿ ಅಂಟಿಸಿ. ಮನೆಯಲ್ಲಿ ಬೇರೆಯವರು ನೋಡದೆ ಓವನ್ ಹೊತ್ತಿಸಿ, ಒಂದು ವಾರದ ಕೆಲಸ ಕಂದು ಬಣ್ಣಕ್ಕೆ ತಿರುಗಿದ್ದನ್ನು ನಾನು ನೋಡಿದ್ದೇನೆ.

ಬಣ್ಣ ಹಬ್ಬುತ್ತದೆ, ಮಾಸುತ್ತದೆ

ಒಣಪುಡಿ ಬಣ್ಣ ಸವರಿದ ಮೇಲೆ ಹೂ ಮಸುಕಾಗಿ, ಮುಟ್ಟಿದರೆ ಕೈಗೆ ಅಂಟುವಂತಿದ್ದರೆ ಆವಿ ಹಿಡಿದಿಲ್ಲ. ಕೆಟಲ್ ಬಾಯಿಯಿಂದ ಒಂದು ಗೇಣು ದೂರದಲ್ಲಿ ಎರಡು ಮೂರು ಸೆಕೆಂಡ್ ತಿರುಗಿಸಿದರೆ ಬಣ್ಣ ಕೂತುಕೊಳ್ಳುತ್ತದೆ. ಅದಕ್ಕಿಂತ ಜಾಸ್ತಿ ಹಿಡಿದರೆ ಎಸಳು ಹೊಳಪಾಗಿ, ಅಂಟಂಟಾಗಿ, ಅಂಚು ಬಾಗುತ್ತದೆ. ಬಣ್ಣ ಕಲೆಕಲೆಯಾಗಿ ಕೂತಿದ್ದರೆ ಪುಡಿ ಸವರುವಾಗ ಎಸಳು ಎಲ್ಲೋ ಒದ್ದೆ ಇತ್ತು, ಇಲ್ಲಾ ಶಾರ್ಟನಿಂಗ್ ಮೆತ್ತಿತ್ತು. ಪುಡಿಯನ್ನು ಬಣ್ಣದ ನೀರಿನಂತೆ ಬಳಿಯಬೇಕಾದರೆ ನೀರಲ್ಲಿ ಕಲಸಬೇಡಿ. ಬೇಗ ಆವಿಯಾಗುವ ಆಲ್ಕೋಹಾಲ್ ಅಥವಾ ಆಲ್ಕೋಹಾಲ್ ಇರುವ ಎಸೆನ್ಸ್‌ನಲ್ಲಿ ಕಲಸಿ. ನೀರು ಸಕ್ಕರೆಯನ್ನು ಕೊರೆಯುತ್ತದೆ.

ಗಾಢ ಕೆಂಪು, ಕಪ್ಪು ಬೇಕಾದಾಗ ಜೆಲ್ ಸುರಿದು ಪೇಸ್ಟ್ ಹಾಳು ಮಾಡಿಕೊಳ್ಳುವುದಕ್ಕಿಂತ, ನಡು ಮಟ್ಟದ ಬಣ್ಣಕ್ಕೆ ಕಲಸಿ ಒಂದು ರಾತ್ರಿ ಬಿಡಿ. ಬಣ್ಣ ತಾನೇ ಒಂದು ಹಂತ ಏರುತ್ತದೆ. ಉಳಿದದ್ದನ್ನು ಒಣಗಿದ ಮೇಲೆ ಪುಡಿಯಲ್ಲಿ ತನ್ನಿ. ನೇರಳೆ ಹೂ ಕೆಲವು ದಿನಕ್ಕೆ ನೀಲಿಯಾಗಿ ಕಂಡರೆ ಬೆಳಕು ಅದರೊಳಗಿನ ಕೆಂಪನ್ನು ತಿಂದಿದೆ. ಗುಲಾಬಿ ಬಣ್ಣವೂ ಹೀಗೆ ಮಾಸುತ್ತದೆ. ಕಿಟಕಿಯ ಹತ್ತಿರ ಇಡಬೇಡಿ, ಮುಚ್ಚಿದ ರಟ್ಟಿನ ಡಬ್ಬಿಯಲ್ಲಿಡಿ.

ಇದು ದೋಷದ ಪಟ್ಟಿಗೆ ಸೇರದಿದ್ದರೂ ಹೇಳದೆ ಮುಂದೆ ಹೋಗಲಾರೆ. ಡಬ್ಬಿಯ ಮೇಲೆ ನಾನ್-ಟಾಕ್ಸಿಕ್ ಅಂತ ಬರೆದಿದ್ದ ಮಾತ್ರಕ್ಕೆ ಅದು ತಿನ್ನುವ ಬಣ್ಣ ಆಗುವುದಿಲ್ಲ. ಎಡಿಬಲ್ ಅಂತ ಬರೆದು, ಒಳಗೇನಿದೆ ಅನ್ನುವ ಪಟ್ಟಿಯೂ ಇರಬೇಕು. 2018ರಲ್ಲಿ ಅಮೆರಿಕದ ರೋಡ್ ಐಲೆಂಡ್‌ನಲ್ಲಿ ಹುಟ್ಟುಹಬ್ಬದ ಕೇಕ್ ತಿಂದ ಆರು ಮಕ್ಕಳು ಕಾಯಿಲೆ ಬಿದ್ದರು. ಕೇಕಿಗೆ ಹಚ್ಚಿದ್ದ ರೋಸ್ ಗೋಲ್ಡ್ ಹೊಳಪಿನ ಪುಡಿಯಲ್ಲಿ ತಾಮ್ರ ಇತ್ತು. ಹೊಳೆಯುವ ಪುಡಿ ಕೊಳ್ಳುವಾಗ ಎರಡು ಸಲ ಓದಿ.

ಕೇಕಿನ ಮೇಲೆ ಕೂತ ಮೇಲೆ ಕೆಟ್ಟಿತು

ಹೂ ಒಂದು ವಾರ ಡಬ್ಬಿಯಲ್ಲಿ ಗಟ್ಟಿಯಾಗೇ ಇತ್ತು, ಕೇಕಿನ ಮೇಲಿಟ್ಟ ಮೂರು ಗಂಟೆಗೆ ಸೊರಗಿತು. ಇಲ್ಲಿ ಪೇಸ್ಟನ್ನು ಬೈಯಬೇಡಿ. ಎಸಳು ಎಲ್ಲಿಂದ ಮೆತ್ತಗಾಗಿದೆ ಅಂತ ನೋಡಿ. ಬುಡದಿಂದ ಮೆತ್ತಗಾಗಿದ್ದರೆ ಕೆಳಗಿನ ಕ್ರೀಮಿನಿಂದ ನೀರು ಹತ್ತಿದೆ. ತುದಿಯಿಂದ, ಅಥವಾ ಇಡೀ ಹೂ ಒಂದೇ ಸಮ ಹೊಳಪಾಗಿ ಮೆತ್ತಗಾಗಿದ್ದರೆ ಗಾಳಿಯಿಂದ ಬಂದಿದೆ, ಅದರಲ್ಲೂ ಫ್ರಿಜ್ಜಿನಿಂದ.

ಕ್ರೀಮಿನ ವಿಷಯದಲ್ಲಿ ಎಲ್ಲವೂ ಒಂದೇ ಅಲ್ಲ. ವಿಪ್ಡ್ ಕ್ರೀಮ್ ಬಹುಪಾಲು ನೀರೇ, ಅದರ ಮೇಲೆ ಸಕ್ಕರೆ ಹೂ ಬಹಳ ಹೊತ್ತು ನಿಲ್ಲುವುದಿಲ್ಲ. ಕೇಕ್ ಕತ್ತರಿಸುವ ಸ್ವಲ್ಪ ಮೊದಲು ಇಡುವುದೇ ದಾರಿ. ಬೆಣ್ಣೆ ಮತ್ತು ಐಸಿಂಗ್ ಶುಗರಿನ ಬಟರ್‌ಕ್ರೀಂ ಅದಕ್ಕಿಂತ ವಾಸಿ. ಫಾಂಡೆಂಟ್ ಹೊದಿಕೆ ಎಲ್ಲಕ್ಕಿಂತ ಒಳ್ಳೆಯದು. ಕಪ್‌ಕೇಕಿನ ಹೂವಿಗೆ ನಾನು ಮಾಡುವುದು ಇಷ್ಟು: ಒಣಗಿದ ಹೂವಿನ ಬುಡವನ್ನು ಕರಗಿಸಿದ ಬಿಳಿ ಚಾಕೊಲೇಟಿನಲ್ಲಿ ಅದ್ದಿ, ಹಾಳೆಯ ಮೇಲಿಟ್ಟು ಗಟ್ಟಿಯಾಗಲು ಬಿಡುತ್ತೇನೆ. ಆ ಕೊಬ್ಬಿನ ಪದರ ದಾಟಿ ನೀರು ಬೇಗ ಮೇಲೆ ಹತ್ತುವುದಿಲ್ಲ. ಎಸಳಿನ ತುದಿಗಳು ಕ್ರೀಮಿಗೆ ತಾಗದಂತೆ ಹೂವನ್ನು ಸ್ವಲ್ಪ ಎತ್ತರಕ್ಕೆ ಕೂರಿಸಬೇಕು, ಇಲ್ಲದಿದ್ದರೆ ಚಾಕೊಲೇಟ್ ಹಾಕಿಯೂ ಪ್ರಯೋಜನ ಇಲ್ಲ.

ಫ್ರಿಜ್ಜಿನ ಕಥೆ ಹೀಗೆ. ಒಳಗಿರುವಾಗಲೂ ತೇವ ಇರುತ್ತದೆ, ಆದರೆ ನಿಜವಾದ ಹಾನಿ ಆಗುವುದು ಹೊರಗೆ ತೆಗೆದ ಮೇಲೆ. ತಣ್ಣಗಿನ ಹೂವಿನ ಮೇಲೆ ಬೆಚ್ಚಗಿನ ಗಾಳಿಯ ತೇವ ಹನಿಯಾಗಿ ಕೂರುತ್ತದೆ, ಸಕ್ಕರೆ ಕರಗುತ್ತದೆ, ಪುಡಿ ಬಣ್ಣ ಕೆಳಗೆ ಹರಿಯುತ್ತದೆ. ಬಿಳಿ ಕೇಕಿನ ಮೇಲೆ ಕೆಂಪು ಗುಲಾಬಿಯಿಂದ ಬಣ್ಣ ಇಳಿದು ಮೂರು ಗೆರೆ ಮೂಡಿದ್ದನ್ನು ನೋಡಿ ನಾನು ಅವತ್ತು ಅತ್ತಿದ್ದೆ. ಕೇಕ್ ಫ್ರಿಜ್ಜಿನಲ್ಲಿ ಇರಲೇಬೇಕಾದರೆ ಇರಲಿ, ಹೂ ಮಾತ್ರ ಹೊರಗಿರಲಿ. ಕೇಕ್ ಕೋಣೆಯ ಬಿಸಿಗೆ ಬಂದು, ಮೇಲಿನ ಹನಿ ಆರಿದ ಮೇಲೆ ಹೂ ಇಡಿ. ಆಗಲೇ ಹನಿಗಟ್ಟಿದ್ದರೆ ಮುಟ್ಟಬೇಡಿ, ಒರೆಸಬೇಡಿ. ಎಸಿ ಹಾಕಿ ಅಥವಾ ಫ್ಯಾನನ್ನು ದೂರದಿಂದ ಬಿಟ್ಟು ತಾನಾಗಿ ಆರಲು ಬಿಡಿ. ಎಷ್ಟೋ ಸಲ ಹೂ ಚೇತರಿಸಿಕೊಳ್ಳುತ್ತದೆ, ಬೆರಳಿಟ್ಟ ಕಡೆ ಮಾತ್ರ ಗುರುತು ಉಳಿಯುತ್ತದೆ.

ಕಪ್‌ಕೇಕುಗಳನ್ನು ಗಾಳಿಯಾಡದ ಡಬ್ಬಿಯಲ್ಲಿ ಹೂ ಸಮೇತ ಮುಚ್ಚಿಟ್ಟರೂ ಇದೇ ಗತಿ. ಕೇಕಿನ ತೇವ ಹೊರಗೆ ಹೋಗಲು ಜಾಗ ಇಲ್ಲದೆ ಹೂವಿಗೇ ಸೇರುತ್ತದೆ. ರಟ್ಟಿನ ಡಬ್ಬಿ ಬಳಸಿ.

ತಂತಿ ಇರುವ ಹೂವನ್ನು ಕೇಕಿಗೆ ನೇರವಾಗಿ ಚುಚ್ಚಬೇಡಿ. ತಂತಿ ತಿನ್ನುವ ವಸ್ತುವಿಗೆ ತಾಗಬಾರದು. ಹೂ ಹಿಡಿಯುವ ಪ್ಲಾಸ್ಟಿಕ್ ಕೊಳವೆಯೊಳಗೆ ಸೇರಿಸಿ ಕೂರಿಸಿ, ಬಡಿಸುವ ಮುಂಚೆ ಎಣಿಸಿ ತೆಗೆಯಿರಿ. ಮಕ್ಕಳ ಕಪ್‌ಕೇಕಿಗೆ ತಂತಿಯೇ ಬೇಡ. ಮೊಗ್ಗನ್ನು ಟೂತ್‌ಪಿಕ್ ಮೇಲೆ ಕಟ್ಟಿ, ಒಣಗಿದ ಮೇಲೆ ತಿರುಗಿಸಿ ಎಳೆದು ತೆಗೆದುಬಿಡಿ. ಪೂರ್ತಿ ಒಣಗಿದ ಗಮ್ ಪೇಸ್ಟ್ ಪಿಂಗಾಣಿಯಷ್ಟು ಗಟ್ಟಿ, ಹಾಗಾಗಿ ನಿಜವಾಗಿ ತಿನ್ನಲಿ ಅಂತಿದ್ದರೆ ಫಾಂಡೆಂಟಿಗೆ ಸಿಎಂಸಿ ಸೇರಿಸಿದ ಪೇಸ್ಟಲ್ಲಿ ತೆಳುವಾದ ಚಿಕ್ಕ ಹೂ ಮಾಡುವುದೇ ಒಳ್ಳೆಯದು. ಅದು ಕಚ್ಚಿದರೆ ಕರಗುತ್ತದೆ.

ಪೈಪ್ ಮಾಡಿದ ರಾಯಲ್ ಐಸಿಂಗ್ ಹೂ

ಮೊಟ್ಟೆಯ ಬಿಳಿ, ಐಸಿಂಗ್ ಶುಗರ್ ಬೀಟ್ ಮಾಡಿ ನಳಿಕೆಯಿಂದ ಹಿಂಡುವ ಹೂ ಇದು. ಇದರಲ್ಲಿ ದೋಷಗಳು ಕಮ್ಮಿ. ಎಸಳುಗಳು ಒಂದಕ್ಕೊಂದು ಬೆರೆತು ಮುದ್ದೆಯಾದರೆ ಐಸಿಂಗ್ ಸಡಿಲ ಇದೆ. ಚಮಚ ಎತ್ತಿದಾಗ ತುದಿ ಬಾಗದೆ ನೆಟ್ಟಗೆ ನಿಲ್ಲುವವರೆಗೆ ಐಸಿಂಗ್ ಶುಗರ್ ಸೇರಿಸಿ. ಎಸಳಿನ ಅಂಚು ಹರಿದಂತೆ ಮುಳ್ಳುಮುಳ್ಳಾಗಿದ್ದರೆ ಐಸಿಂಗ್ ತೀರಾ ಗಟ್ಟಿ, ಇಲ್ಲಾ ನಳಿಕೆಯ ತುದಿಯಲ್ಲಿ ಒಣಗಿದ್ದು ಸಿಕ್ಕಿಕೊಂಡಿದೆ. ಎಸಳು ದಪ್ಪ ಬರುತ್ತಿದ್ದರೆ ನಳಿಕೆಯನ್ನು ತಿರುಗಿಸಿ ಹಿಡಿದಿದ್ದೀರಿ, ಅಗಲದ ತುದಿ ಹೂವಿನ ನಡುವಿಗೆ, ಸಣ್ಣ ತುದಿ ಹೊರಕ್ಕೆ ಇರಬೇಕು. ಬೀಟ್ ಮಾಡಿದರೂ ಮೇಲೇಳದೆ ನೀರು ನೀರಾಗಿದ್ದರೆ ಪಾತ್ರೆಯಲ್ಲಿ ಜಿಡ್ಡಿದೆ. ಪ್ಲಾಸ್ಟಿಕ್ ಪಾತ್ರೆ ಎಷ್ಟು ತೊಳೆದರೂ ಜಿಡ್ಡು ಬಿಡದು, ಗಾಜು ಅಥವಾ ಸ್ಟೀಲ್ ಬಳಸಿ. ಇದೇ ಕಾರಣಕ್ಕೆ ಈ ಹೂಗಳನ್ನು ಬಟರ್‌ಕ್ರೀಂ ಮೇಲೆ ಬೇಗ ಇಟ್ಟರೆ ಬೆಣ್ಣೆಯ ಜಿಡ್ಡು ಹತ್ತಿ ಕಲೆ ಬೀಳುತ್ತದೆ, ಕೊನೇ ಗಳಿಗೆಯಲ್ಲಿ ಇಡಿ.

ಮುರಿದ ಎಸಳು

ಸಾಗಿಸುವಾಗ ಒಂದೆರಡು ಎಸಳು ಮುರಿಯುವುದು ಇದ್ದದ್ದೇ. ಎಲ್ಲಿ ಮುರಿದಿದೆ ನೋಡಿ. ಎರಡು ಹೂ ಒಂದಕ್ಕೊಂದು ತಾಗುವ ಕಡೆ ಮುರಿದಿದ್ದರೆ ಜೋಡಿಸುವಾಗ ಸಂದು ಬಿಟ್ಟಿಲ್ಲ, ನಡುವೆ ಚಿಕ್ಕ ಎಲೆ ಅಥವಾ ಮೊಗ್ಗು ಸೇರಿಸಿ ಜಾಗ ಮಾಡಿ. ತಂತಿಯ ಬುಡದಲ್ಲಿ ಮುರಿದಿದ್ದರೆ ಅಲ್ಲಿ ಎಸಳು ತೀರಾ ತೆಳುವಾಗಿತ್ತು, ಮುಂದಿನ ಸಲ ನಡುಗೆರೆಯನ್ನು ದಪ್ಪ ಬಿಟ್ಟು ಅಂಚು ಮಾತ್ರ ತೆಳು ಮಾಡಿ. ಅಂಟಿಸಲು ಅದೇ ಬಣ್ಣದ ಪೇಸ್ಟಿನ ಚೂರನ್ನು ಅಂಟಿನಲ್ಲಿ ಅರೆದು ಮುಲಾಮಿನ ಹದಕ್ಕೆ ತನ್ನಿ. ಮುರಿದ ಎರಡೂ ಅಂಚಿಗೆ ಸೂಜಿಯ ತುದಿಯಲ್ಲಿ ಹಚ್ಚಿ ಸೇರಿಸಿ, ಸುತ್ತ ಸ್ಪಂಜಿನ ತುಂಡು ಆಸರೆ ಕೊಟ್ಟು ಎರಡು ಗಂಟೆ ಅಲುಗಿಸದೆ ಬಿಡಿ. ಆಮೇಲೆ ಬಿರುಕಿನ ಮೇಲೆ ಒಣ ಕುಂಚದಿಂದ ಪುಡಿ ಬಣ್ಣ ಸವರಿದರೆ ಗೆರೆ ಕಾಣುವುದಿಲ್ಲ.